ಕೋಣೆಯ ಅಧ್ಯಾಯ

ನನ್ನಿಂದ ಪುಸ್ತಕ ಎರವಲು ಒಯ್ದವರು ಮರಳಿ ಕೊಡುವಾಗ ಒಂದೇ ಪ್ರಶ್ನೆ ಕೇಳುತ್ತಾರೆ. ಹಾಳೆಗಳೆಲ್ಲ ಮೂಲೆ ಮಡಿಸಿ, ಚಹಾ ಚೆಲ್ಲಿ, ಉಪ್ಪಿನಕಾಯಿಯ ಎಣ್ಣೆ ಕುಡಿದು ಹಳತಾಗಿವೆ, ಕೊನೆಯ ಕೆಲವು ಮಾತ್ರ ಅಂಗಡಿಯಿಂದ ಆಗತಾನೆ ಬಂದಂತೆ ಗರಿಗರಿಯಾಗಿವೆ, ಇದೇನು? ನಾನು ನಕ್ಕು ಮಾತು ಹಾರಿಸುತ್ತೇನೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಜೊತೆಗೆ ತಡವರಿಸುತ್ತ ಉರ್ದು, ಇಷ್ಟು ಭಾಷೆ ಓದುತ್ತಾಳೆಂದು ನೆಂಟರ ಮದುವೆಗಳಲ್ಲಿ ನನ್ನನ್ನು ಹೊಗಳುವುದುಂಟು. ಈ ಯಾವ ಭಾಷೆಯಲ್ಲೂ ಒಂದು ಪುಸ್ತಕವನ್ನು ಪೂರ್ತಿ ಓದಿಲ್ಲವೆಂದು ನಾನು ಯಾರಿಗೂ ಹೇಳಿಲ್ಲ. ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಯಾದದ್ದು ಗೊತ್ತು, ಕೊಂದವರು ಗೊತ್ತಿಲ್ಲ. ಎಷ್ಟೋ ಪ್ರೇಮಿಗಳನ್ನು ರೈಲ್ವೆ ಸ್ಟೇಶನ್ನಿನಲ್ಲೇ ನಿಲ್ಲಿಸಿ ಬಂದಿದ್ದೇನೆ. ಮಗಳು ಇದಕ್ಕೊಂದು ಕಾಯಿಲೆಯ ಹೆಸರು ಹುಡುಕುತ್ತಿದ್ದಾಳೆ. ಮೊದಲೇ ನಾನು ಚಿಂತೆಯ ಹೆಂಗಸು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದವಳು, ಬಂದು ನೋಡಿದರೆ ಬೀಗವನ್ನೇ ಹಾಕಿರದವಳು. ಆದರೆ ಇದು ಆ ಬಗೆಯ ಚಿಂತೆಯಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಒಳಕೋಣೆಯಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡಂತೆ ಕೇಳುತ್ತದೆ. ಆ ಸದ್ದು ಕೇಳಿಸುತ್ತದೆಂದು ನನಗೆ ಭಯವಿಲ್ಲ. ಯಾವುದಾದರೊಂದು ಪುಸ್ತಕದ ಕಡೆಯ ಹಾಳೆ ಓದಿಬಿಟ್ಟರೆ ಅದು ನಿಂತುಹೋದೀತೆಂದು ಭಯ.

ನಾಸಿಕದಿಂದ ಓಝರದ ಕಡೆಗೆ ಹೋಗುವ ದಾರಿಯಲ್ಲಿ ವಿಮಾನ ಕಾರ್ಖಾನೆಯ ಕಾಲೊನಿ. ಅಲ್ಲಿ ಅಪ್ಪನಿಗೆ ಸಿಕ್ಕಿದ ಕ್ವಾರ್ಟರ್ಸಿಗೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಟ್ರಂಕುಗಳನ್ನಿಡುವ ಒಂದು ಸಣ್ಣ ಕೋಣೆ. ಟ್ರಂಕುಗಳ ಜೊತೆ ಅಲ್ಲಿ ಮಲಗುತ್ತಿದ್ದವನು ಅಪ್ಪನ ತಮ್ಮ, ನನ್ನ ಶರಣು ಕಾಕಾ. ಮನೆಯಲ್ಲಿ ಐದು ಜನ, ಮೂರು ಲಿಪಿ. ಅಪ್ಪ ಶಾಲೆಗೆ ಹೋಗುವಾಗ ನಮ್ಮ ಬೀದರ ನಿಜಾಮನ ಸೀಮೆಯಲ್ಲಿತ್ತು, ಕಲಿತದ್ದೆಲ್ಲ ಉರ್ದು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದ ಮನುಷ್ಯನಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಕಾಕಾ ಶಾಲೆಗೆ ಹೋಗುವ ಹೊತ್ತಿಗೆ ಸೀಮೆ ಬದಲಾಗಿ ಶಾಲೆ ಕನ್ನಡವಾಗಿತ್ತು. ಅವ್ವ ಉದಗೀರದವಳು, ಅವಳು ಕಲಿತ ನಾಲ್ಕು ಇಯತ್ತೆ ಮರಾಠಿ. ನಾನೂ ಕಾಲೊನಿಯ ಮರಾಠಿ ಶಾಲೆಯ ಕೂಸು. ಅಪ್ಪನ ತಾಯಿಗೆ ಯಾವ ಲಿಪಿಯ ಹಂಗೂ ಇರಲಿಲ್ಲ. ಅವಳನ್ನು ನಾವು ನಮ್ಮ ಕಡೆಯಂತೆ ಆಯಿ ಎನ್ನುತ್ತಿದ್ದೆವು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಗಣಿತದಲ್ಲಿ ಸೊನ್ನೆ ತೆಗೆದುಕೊಂಡ ನನಗೆ ಶಾಲೆಯ ಬಾಯಿಯವರು, ಅಂದರೆ ಟೀಚರು, "ಉದ್ಯಾ ಆಯೀಲಾ ಘೇವೂನ ಯೇ", ನಾಳೆ ಆಯಿಯನ್ನು ಕರೆದುಕೊಂಡು ಬಾ, ಎಂದಾಗ ನಾನು ಮರುದಿನ ವಿಧೇಯಳಾಗಿ ಅಜ್ಜಿಯನ್ನು ಕರೆದೊಯ್ದೆ. ಹಲ್ಲಿಲ್ಲದ ತಾಯಿಯನ್ನು ಕಂಡು ಬಾಯಿಯವರು ಗಣಿತದ ಮಾತೇ ಎತ್ತಲಿಲ್ಲ, ಬಿಸಿಲಲ್ಲಿ ಬಂದಿರಲ್ಲ ಎಂದು ನೀರು ಕೊಟ್ಟು ಕಳಿಸಿದರು. ಎರಡು ಭಾಷೆಯ ನಡುವೆ ಬದುಕುವುದರಿಂದ ನನಗಾದ ಮೊದಲ ಲಾಭ ಅದು.

ಶ್ರಾವಣ ಬಂದರೆ ಮನೆಯಲ್ಲಿ ಪುರಾಣ. ರಟ್ಟು ಹರಿದು ಹೆಸರೂ ಹೋಗಿದ್ದ ಆ ಶರಣರ ಕಥೆಗಳ ಪುಸ್ತಕವನ್ನು ಆಯಿ ತನ್ನ ತವರಿನಿಂದ ತಂದಿದ್ದಳು. ಸಂಜೆ ಕಾಕಾ ಕಾರ್ಖಾನೆಯಿಂದ ಬಂದು, ಕೈಯ ಗ್ರೀಸು ಹೋಗುವತನಕ ತಿಕ್ಕಿ ತೊಳೆದು, ವಿಭೂತಿ ಹಚ್ಚಿಕೊಂಡು, ಕಟ್ಟಿಗೆಯ ಪೀಠದ ಮೇಲಿದ್ದ ಪುಸ್ತಕದ ಮುಂದೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಓದಿನ ನಡುವೆ ಒಂದು ವಿಮಾನ ಹಾರುವುದು ಖಾತ್ರಿ. ಕಾರ್ಖಾನೆಯವರು ಹಾರಿಸಿ ನೋಡುವ ಆ ಯಂತ್ರ ಮನೆಯ ಮೇಲೆ ಹಾದಾಗ ತಾಟು ಗಂಗಾಳಗಳೆಲ್ಲ ಗುಯ್ಗುಡುತ್ತಿದ್ದವು. ಕಾಕಾ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದ. ವಿಮಾನ ದೂರಾದ ಮೇಲೆ ಅದೇ ಅಕ್ಷರದಿಂದ ಮುಂದಕ್ಕೆ. ಅಧ್ಯಾಯ ಮುಗಿದು, ಆರತಿಯಾಗಿ, ಪುಟಾಣಿ ಸಕ್ಕರೆ ಹಂಚಿದ ಮೇಲೆಯೇ ಆಯಿಯ ರಾತ್ರಿಯೂಟ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪುರಾಣ ಹಿಡಿದ ಮೇಲೆ ಅದು ಕಡೆಯ ಅಧ್ಯಾಯ ಮುಟ್ಟಿ ಮಂಗಲವಾಗುವತನಕ ಓದು ಆಗದೆ ಉಣ್ಣುವಂತಿಲ್ಲ, ಪುಸ್ತಕ ಮುಚ್ಚುವಂತಿಲ್ಲ. ಅದು ಅವಳ ನೇಮ.

ಆ ಶ್ರಾವಣದ ನಡುವೆ ಕಾಕಾನ ಕಣ್ಣು ಹಳದಿಯಾದವು. ಕಾಮಣಿ ಎಂದರು, ಮದ್ದು ಕಟ್ಟಿಸಿದರು, ನಾಸಿಕದ ಆಸ್ಪತ್ರೆಗೆ ಸೇರಿಸಿದರು. ಪುಸ್ತಕ ಪೀಠದ ಮೇಲೆ ತೆರೆದೇ ಇತ್ತು, ಬಂದು ಮುಂದುವರಿಸುತ್ತೇನೆಂದು ಗುರುತಿಗೆ ಬಿಲ್ವಪತ್ರೆ ಇಟ್ಟು ಹೋಗಿದ್ದ. ಅವನು ಬರಲಿಲ್ಲ. ಮದುವೆಗೆ ಹೆಣ್ಣು ನೋಡುತ್ತಿದ್ದ ಹುಡುಗ. ಮಣ್ಣುಕೊಟ್ಟು ಬಂದ ಮೇಲೆ ನೆಂಟರೊಬ್ಬರು ಪುಸ್ತಕವನ್ನು ಮುಚ್ಚಿ ಎತ್ತಿಡಲು ಹೋದರು. ಅತ್ತು ಅತ್ತು ದನಿ ಹೋಗಿದ್ದ ಆಯಿ ಅಷ್ಟು ಜನರ ನಡುವೆ ಕೂಗಿದಳು:

"ಮುಚ್ಚಬ್ಯಾಡ್ರಿ! ಅಂವಾ ಓದ್ಲಕತ್ತಾನ."

ಸೂತಕ ಕಳೆಯಿತು, ನೆಂಟರು ಹೋದರು. ಆಯಿ ಪ್ರತಿ ಸಂಜೆ ದೀಪ ಹಚ್ಚಿ ತೆರೆದ ಪುಸ್ತಕದ ಎದುರು ಕೈಮುಗಿದು ಕೂರುತ್ತಿದ್ದಳು. ಓದುವವರಿಲ್ಲ. ಆಮೇಲೆ ಎದ್ದು ನೀರು ಕುಡಿದು ಮಲಗುತ್ತಿದ್ದಳು. ಮಧ್ಯಾಹ್ನ ಒಂದಿಷ್ಟು ತಿಂದರೆ ತಿಂದಳು, ರಾತ್ರಿಯ ರೊಟ್ಟಿ ಹಾಗೆಯೇ. ವಿಮಾನ ಹಾದಾಗ ಮಾತ್ರ ಅವಳ ಬಲಗೈ ತಾನಾಗಿ ಮೇಲೇಳುತ್ತಿತ್ತು. ಎದುರಿಗೆ ಕೂತ ಒಬ್ಬರಿಗೆ, ತಡಿ, ಹೋಗಲಿ, ಎನ್ನುವಂತೆ. ಆ ಕೈಯನ್ನು ನೋಡಿದಾಗಲೆಲ್ಲ ನಾನು ಅಡುಗೆಮನೆಗೆ ಓಡಿಹೋಗಿ ಅವ್ವನ ಸೆರಗು ಹಿಡಿಯುತ್ತಿದ್ದೆ. ಆಯಿಯ ರವಿಕೆ ದಿನದಿನಕ್ಕೆ ಸಡಿಲವಾಗುತ್ತಿತ್ತು. ಅಪ್ಪ ಒಂದು ಸಂಜೆ ಪುಸ್ತಕದ ಮುಂದೆ ಕೂತ. ಕಾರ್ಖಾನೆಯ ನಕ್ಷೆ ನೋಡುವವನಂತೆ ತಲೆ ಓರೆ ಮಾಡಿದ, ಅಭ್ಯಾಸಬಲದಿಂದ ಬಲಗಡೆಯಿಂದ ಎಡಕ್ಕೆ ಕಣ್ಣಾಡಿಸಿದ. ಆಮೇಲೆ ಮುಖ ಒರೆಸಿಕೊಂಡು ಎದ್ದ.

"ನನಗ ಬರಲ್ದವ್ವಾ. ನೀ ಉಣ್ಣು. ಹಿಂಗ ಮಾಡಿದ್ರ ನೀನೂ ಹೋಗ್ತಿ ನೋಡು."

"ಮನೀ ಧ್ವನಿಯೊಳಗ ಹಿಡಿದಿದ್ದು, ಮನೀ ಧ್ವನಿಯೊಳಗೇ ಮುಗೀಬೇಕು. ಅರ್ಧಕ್ಕ ಬಿಟ್ರ ಅಂವಾ ಎಲ್ಲಿಗಿ ಹೋಗ್ಬೇಕು?"

ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿ ಮೈಸೂರು ಕಡೆಯ ಇಂಜಿನಿಯರರ ಹೆಂಡತಿ ಸರಸ್ವತಿ ಆಂಟಿ ಇದ್ದರು. ಅವ್ವ ಅವರನ್ನು ಕರೆತಂದಳು. ಅವರು ರೇಡಿಯೋದವರಂತೆ ಒಂದು ಅಧ್ಯಾಯ ತಪ್ಪಿಲ್ಲದೆ ಓದಿದರು. ಆಯಿ ಕುಂಕುಮ ಹಚ್ಚಿ, ಕುಪ್ಪಸದ ಕಣ ಕೊಟ್ಟು ಕಳಿಸಿ, ನೀರು ಕುಡಿದು ಮಲಗಿದಳು.

"ಭಾಳ ಚಂದ ಓದಿದ್ಳು ಬಾಯಿ. ಖರೇ ನಮ್ಮ ಶರಣ್ಯಾಗ ತಿಳೀಬೇಕಲ್ಲ ಆ ಮಾತು?"

ಆಗ ನನಗೊಂದು ಉಪಾಯ ಹೊಳೆಯಿತು. ಜೀವನದಲ್ಲಿ ನನಗೆ ಹೊಳೆದ ಉಪಾಯಗಳು ಕಡಿಮೆ, ಹೊಳೆದವು ಸಾಮಾನ್ಯವಾಗಿ ದುಬಾರಿಯಾಗಿವೆ, ಹಾಗಾಗಿ ಇದೊಂದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ನನಗೆ ಕನ್ನಡ ಅರ್ಥವಾಗುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿಯುವುದಕ್ಕೆ ತಿಂಗಳು ಬೇಕು, ಅಷ್ಟರಲ್ಲಿ ಆಯಿ ಉಳಿಯುವ ಭರವಸೆಯಿಲ್ಲ. ಶಾಲೆ ಬಿಟ್ಟ ಮೇಲೆ ಸರಸ್ವತಿ ಆಂಟಿ ನಮ್ಮ ಮನೆಗೆ ಬಂದು, ಆಯಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿರುವ ಹೊತ್ತಿನಲ್ಲಿ, ಮೆಲ್ಲಗೆ ಒಂದೊಂದೇ ಮಾತು ಓದಿ ಹೇಳಬೇಕು. ನಾನು ಅದನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳಬೇಕು. ಸಂಜೆ ಆ ಹಾಳೆಯನ್ನು ಪುಸ್ತಕದ ಮೇಲಿಟ್ಟುಕೊಂಡು ನಾನೇ ಓದಬೇಕು. ಆಂಟಿಗೆ ನಗು.

"ಅಯ್ಯೋ, ಕನ್ನಡಕ್ಕೆ ಮರಾಠಿ ಅಂಗಿ ತೊಡಿಸ್ತೀಯೇನೇ? ಆಗಲಿ ಬರ್ಕೋ. ಆದ್ರೆ ನನ್ನ ನಗಿಸ್ಬೇಡ, ನಿಮ್ಮಜ್ಜಿಗೆ ಕೇಳಿಸುತ್ತೆ."

ಮರಾಠಿ ಅಕ್ಷರಮಾಲೆಯಲ್ಲಿ ಎ ಮತ್ತು ಏ ಬೇರೆ ಬೇರೆಯಲ್ಲ, ಒ ಮತ್ತು ಓ ಬೇರೆ ಬೇರೆಯಲ್ಲ. ಇರುವುದು ದೀರ್ಘ ಒಂದೇ. ಇದು ನನಗಾಗಲಿ, ಬರೆಸುತ್ತಿದ್ದ ಆಂಟಿಗಾಗಲಿ ಹೊಳೆದಿರಲಿಲ್ಲ. ಮೊದಲ ಸಂಜೆ ಕಾಕಾನ ಹಾಗೆಯೇ ಕೈತೊಳೆದು, ವಿಭೂತಿ ಹಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಕೂತೆ. ಕಷ್ಟದಲ್ಲಿದ್ದ ಒಬ್ಬ ಭಕ್ತ ಶಿವನ ಮೊರೆ ಹೊಕ್ಕನು ಎಂದು ಕಥೆಯಲ್ಲಿತ್ತು. ನನ್ನ ಹಾಳೆಯಲ್ಲಿದ್ದದ್ದು "ಮೋರೆ". ನಮ್ಮ ಮೇಲಿನ ಮನೆಯಲ್ಲಿ ಮೋರೆ ಎಂಬ ಅಡ್ಡಹೆಸರಿನ ಮರಾಠಿ ಸಂಸಾರವಿತ್ತು, ಅವರ ಮನೆಯ ಕಾಕೂ ನನಗೆ ಬಾಕರವಡಿ ಕೊಡುತ್ತಿದ್ದರು. ಶಿವನ ಪರಿಚಯದ ಮೋರೆಯವರೊಬ್ಬರು ಇದ್ದರು, ಭಕ್ತ ಅವರ ಮನೆ ಹೊಕ್ಕ, ಎಂದೇ ನಾನು ತಿಳಿದದ್ದು. ಗಟ್ಟಿಯಾಗಿ ಓದಿದೆ:

"ಭಕ್ತನು ಶಿವನ ಮೋರೆ ಹೊಕ್ಕನು."

ಆಯಿ ಕೈಮುಗಿದವಳು ಹಾಗೇ ಒಂದು ಕಣ್ಣು ತೆರೆದಳು.

"ಎಲ್ಲಿ ಹೊಕ್ಕ?"

"ಮೋರೆ ಆಯಿ. ಶಿವನ ಮೋರೆ."

"ಮಾರಿಯೊಳಗ? ಶಿವನ ಮಾರಿಯೊಳಗ ಹೊಕ್ಕನಾ? ಮೂಗಿನ್ಯಾಗ ಹೊಕ್ಕನೋ, ಬಾಯಾಗೋ?"

"ಮ್ಯಾಲಿನ ಮನೀ ಮೋರೆ ಕಾಕೂ ಇದ್ದಾರಲ್ಲಾ, ಹಂಗ..."

ಮೊದಲು ನಕ್ಕದ್ದು ಅಡುಗೆಮನೆಯಲ್ಲಿದ್ದ ಅವ್ವ, ಆಮೇಲೆ ಅಪ್ಪ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಲುಕಿದವು. ಅಳುತ್ತಾಳೆಂದುಕೊಂಡು ನಾನು ಬೆದರಿದೆ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

"ಶರಣ್ಯಾ, ಕೇಳ್ದೇನೋ? ನಿನ್ನ ಶಿವನ ಭಕ್ತ ಬಾಕರವಡಿ ತಿನ್ಲಾಕ ಹೋಗ್ಯಾನ" ಎಂದು ಪುಸ್ತಕದ ಕಡೆ ಮುಖ ಮಾಡಿ ಹೇಳಿ, ಅವ್ವನತ್ತ ತಿರುಗಿದಳು. "ಸೊಸಿ, ತಾಟ ಹಾಕು."

ಅವ್ವ ರೊಟ್ಟಿ ಬಡಿಯುವ ಸದ್ದು ಅಷ್ಟು ಜೋರಾಗಿ ಮತ್ತೆಂದೂ ಕೇಳಿದ ನೆನಪಿಲ್ಲ. ಆಯಿ ಉಂಡಳು. ನನ್ನ ಓದುವ ಹವ್ಯಾಸದ ಮೂಲವನ್ನು ಯಾರಾದರೂ ಕೇಳಿದರೆ ನಾನು ಗ್ರಂಥಾಲಯ, ಒಳ್ಳೆಯ ಶಿಕ್ಷಕರು ಎಂದೆಲ್ಲ ಹೇಳುತ್ತೇನೆ. ನಿಜವಾಗಿ ಅದು ಆ ರೊಟ್ಟಿ. ನಾನು ಓದಿದರೆ ಒಬ್ಬಳು ಉಣ್ಣುತ್ತಾಳೆ, ಓದದಿದ್ದರೆ ಉಪವಾಸ ಬೀಳುತ್ತಾಳೆ. ಒಂಬತ್ತು ವರ್ಷದ ಹುಡುಗಿಗೆ ಇಷ್ಟು ಹೇಳಿದರೆ ಸಾಕು, ಜ್ವರ ಬಂದರೂ ಓದುತ್ತಾಳೆ, ಮುಂದೆ ಗ್ಯಾಸಿನ ಚಿಂತೆಯನ್ನೂ ಮಾಡುತ್ತಾಳೆ.

ಆಂಟಿ ಮರುದಿನ ವಿಷಯ ಕೇಳಿ ನಕ್ಕು ಸುಸ್ತಾಗಿ, ಉಪಾಯವನ್ನೂ ಹೇಳಿದರು. ಗಿಡ್ಡ ಸ್ವರ ಬಂದಲ್ಲಿ ತಲೆಯ ಮೇಲೊಂದು ಚುಕ್ಕೆ. ಅಂದಿನಿಂದ ನನ್ನ ಹಾಳೆಗಳ ಮೇಲೆ ಇರುವೆ ಮುತ್ತಿದಂತೆ ಚುಕ್ಕೆಗಳು. ಶ್ರಾವಣ ಆಗಲೇ ಮುಗಿದಿತ್ತು, ಗಣಪತಿಯೂ ಬಂದು ಹೋದ, ಪುರಾಣ ನಡೆದೇ ಇತ್ತು. ಆಯಿಯ ಕೆನ್ನೆಗೆ ಮೊದಲಿನ ಬಣ್ಣ ಬರತೊಡಗಿತು. ಬದಲಾಗದೆ ಉಳಿದದ್ದು ಒಂದೇ, ವಿಮಾನ ಹಾದಾಗ ಏಳುವ ಆ ಕೈ. ಈಗ ಅದು ಎದ್ದಾಗ ನಾನು ಸಾಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದೆ. ಕಣ್ಣು ಮುಚ್ಚಿದಾಗ ನನ್ನ ಬೆರಳಿನ ಪಕ್ಕದಲ್ಲೇ ಇನ್ನೊಂದು ಬೆರಳು ಇದ್ದಂತೆ, ಅದರಿಂದ ಗ್ರೀಸಿನ ವಾಸನೆ ಬಂದಂತೆ ಅನ್ನಿಸುತ್ತಿತ್ತು. ಕಣ್ಣು ತೆರೆದು ನೋಡುವ ಧೈರ್ಯ ಒಮ್ಮೆಯೂ ಬರಲಿಲ್ಲ.

ದಸರೆಯ ಹೊತ್ತಿಗೆ ಪುಸ್ತಕದ ಬಲಮಗ್ಗುಲು ತೆಳ್ಳಗಾಯಿತು. ಅವ್ವ ಮಂಗಲದ ದಿನಕ್ಕೆ ಹೋಳಿಗೆಗೆಂದು ಕಡಲೆಬೇಳೆ ತರಿಸಿದಳು. ಅಪ್ಪ ರಜೆ ಕೇಳಿದ. ಎಲ್ಲರಿಗೂ ಹಗುರವಾಗಿತ್ತು, ಆಯಿಯ ಹೊರತು. ಅವಳು ಹಾಳೆಗಳ ದಪ್ಪವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಕ್ಷರ ಬರದವಳಿಗೂ ಪುಸ್ತಕ ತೀರುತ್ತ ಬಂದದ್ದು ತಿಳಿಯುತ್ತದೆ. ಅರ್ಧಕ್ಕೆ ಬಿಟ್ಟರೆ ಮಗ ಎಲ್ಲಿಗೆ ಹೋಗಬೇಕು ಎಂದು ಉಪವಾಸ ಬಿದ್ದವಳಿಗೆ, ಮುಗಿಸಿದರೆ ಅವನು ಹೋಗಿಯೇಬಿಡುತ್ತಾನೆ ಎಂಬುದು ಆಗ ಹೊಳೆದಿರಬೇಕು. ಮಂಗಲದ ದಿನ ಮಧ್ಯಾಹ್ನ ಆಂಟಿ "ಕೊನೆಯ ಅಧ್ಯಾಯ" ಎಂದು ತಲೆಬರಹ ಬರೆಸಿದರು. ನಮ್ಮ ಮನೆಮಾತಿನಲ್ಲಿ ಕಡೀದು ಎನ್ನುತ್ತಾರೆ, ಆಖರಿ ಎನ್ನುತ್ತಾರೆ. ಕೊನೆ ಎನ್ನುವ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಹೋಳಿಗೆಯ ಸಂಭ್ರಮದಲ್ಲಿ ನಾನು ಚುಕ್ಕೆ ಇಡುವುದನ್ನು ಮರೆತೆ. ಸಂಜೆ ಕೂತು ಓದಿದೆ:

"ಕೋನೆಯ ಅಧ್ಯಾಯ."

ಆಯಿ ಎರಡೂ ಕಣ್ಣು ತೆರೆದಳು.

"ಏನಂದಿ? ಕೋಣೆದ?"

ತಪ್ಪಾಯಿತೆಂದು ಗೊತ್ತಾಯಿತು, ಸರಿ ಯಾವುದೆಂದು ಗೊತ್ತಾಗಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಆಯಿ ಹಿಂದಿನ ಸಣ್ಣ ಕೋಣೆಯ ಕಡೆ ನೋಡಿದಳು. ಬಾಗಿಲು ಅರೆತೆರೆದಿತ್ತು. ಟ್ರಂಕಿನ ಮೇಲೆ ಕಾಕಾನ ಮಡಿಸಿಟ್ಟ ಹಾಸಿಗೆ, ಗೂಟದಲ್ಲಿ ಅವನ ಖಾಕಿ ಅಂಗಿ.

"ಕೋಣೆದು ಕೋಣ್ಯಾಗ ಇರ್ಲಿ" ಎಂದಳು ನಿಧಾನವಾಗಿ. "ಅದು ಅಂವಂದು. ಅಂವಾ ಓದ್ಕೋತಾನ. ನೀ ನಾಳಿಂದ ಮತ್ತ ಮೊದಲಿಂದ ಹಿಡಿ, ನೀಲವ್ವ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವ್ವ ಕಣ್ಣಿನಲ್ಲೇ ತಡೆದು ತಾಟು ಹಾಕಿದಳು. ಆಯಿ ಹೋಳಿಗೆ ಉಂಡಳು.

ಹಾಗೆ ನಮ್ಮ ಮನೆಯ ಪುರಾಣ ಶ್ರಾವಣ ದಾಟಿ, ವರ್ಷ ದಾಟಿ ಸುತ್ತತೊಡಗಿತು. ಮೊದಲಿನಿಂದ ಕಡೆಯದರ ಹಿಂದಿನವರೆಗೆ, ಮತ್ತೆ ಮೊದಲಿನಿಂದ. ಆ ಸುತ್ತುಗಳಲ್ಲೇ ಆಂಟಿ ನನಗೆ ನಿಜವಾದ ಕನ್ನಡ ಅಕ್ಷರ ಕಲಿಸಿದರು, ಹಾಳೆ ಬೇಕಾಗದೆ ಹೋಯಿತು. ಒಂದು ಸುತ್ತು ಮುಗಿದು ಇನ್ನೊಂದು ಹಿಡಿಯುವ ಮುನ್ನ ಕೆಲವು ದಿನ ಬಿಡುವು. ಆಗ ಮನೆಯ ಯಾವ ಧ್ವನಿ ಏನನ್ನು ಓದಿದರೂ ಆಯಿಗೆ ಸಾಕಿತ್ತು. ಅಪ್ಪ ನಾಸಿಕದಿಂದ ತಂದ ಉರ್ದು ಕಥೆಗಳ ಮಾಸಿಕವನ್ನು ಹಿಂಬದಿಯಿಂದ ತೆರೆದು ಓದುತ್ತಿದ್ದ. ಆಗ ಅವನ ಬೆನ್ನು ನೇರವಾಗುತ್ತಿತ್ತು, ದನಿಗೆ ಎಲ್ಲಿಂದಲೋ ನಯ ಬರುತ್ತಿತ್ತು. ಅವ್ವ ಮರಾಠಿ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು, ಅತ್ತೆಯರು ಸೊಸೆಯರನ್ನು ಕಾಡುವ ಕಡೆ ದನಿ ಏರಿಸಿ. ಆಯಿಗೆ ಪಾತ್ರಗಳೆಲ್ಲ ಸಂಬಂಧಿಕರಂತೆ. ಆದರೆ ಯಾವ ಭಾಷೆಯದಾದರೂ, ಓದದ ಮಗ್ಗುಲು ತೆಳ್ಳಗಾದೊಡನೆ ಅವಳ ಕೈ ಏಳುತ್ತಿತ್ತು. "ಸಾಕು. ಅದು ಕೋಣ್ಯಾಗ ಇರ್ಲಿ." ನಾವು ಆ ಪುಸ್ತಕವನ್ನು ಒಯ್ದು ಸಣ್ಣ ಕೋಣೆಯಲ್ಲಿ ಟ್ರಂಕಿನ ಮೇಲೆ ಇಟ್ಟುಬರುತ್ತಿದ್ದೆವು. ಹಗಲಲ್ಲಿ ಹೋಗಿ ಕದ್ದು ಓದಬಹುದಿತ್ತು, ಯಾರೂ ಬೇಡವೆಂದಿರಲಿಲ್ಲ. ಒಮ್ಮೆ ಒಳಗೆ ಹೋಗಿ ಒಂದು ಪತ್ತೇದಾರಿ ಕಥೆಯ ಕಡೆಯ ಹಾಳೆಗೆ ಕೈ ಹಾಕಿದೆ. ಬೆನ್ನ ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದು. ಹಿತ್ತಲಿನ ಮೇಕೆ ಇರಬಹುದು. ಕಾಲೊನಿಯಲ್ಲಿ ಮೇಕೆಗಳಿಗೇನು ಬರವಿರಲಿಲ್ಲ. ಆದರೂ ಆ ಕೊಲೆಗಾರ ಇಂದಿಗೂ ನನ್ನಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ.

ಕೆಲವು ವರ್ಷಗಳ ನಂತರ ಅಪ್ಪನಿಗೆ ಔರಂಗಾಬಾದಿನಲ್ಲಿ ಬೇರೆ ಕೆಲಸ ಸಿಕ್ಕಿತು. ಈಗ ಅದರ ಬೋರ್ಡುಗಳೆಲ್ಲ ಛತ್ರಪತಿ ಸಂಭಾಜಿನಗರ ಎನ್ನುತ್ತವೆ. ನಾನು ಆಗಿನಿಂದ ಅಲ್ಲಿಯೇ ಇದ್ದೇನೆ. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು, ಪುರಾಣದ ಪುಸ್ತಕ ಮಾತ್ರ ಆಯಿಯ ತೊಡೆಯ ಮೇಲೆ ಎಸ್.ಟಿ. ಬಸ್ಸಿನಲ್ಲಿ, ತೆರೆದೇ. ಪಕ್ಕದ ಸೀಟಿನ ಮೇಲೆ ಅವಳು ಕಾಕಾನ ಖಾಕಿ ಅಂಗಿಯ ಗಂಟು ಇಟ್ಟಿದ್ದಳು. ಯೇವಲೆಯಲ್ಲಿ ಜನ ತುಂಬಿದಾಗ ಕಂಡಕ್ಟರ್ ಬಂದ.

"ಆಜೀ, ಇಥೇ ಕೋಣ ಬಸ್ಲಂಯ?" ಇಲ್ಲಿ ಯಾರು ಕೂತಿದ್ದಾರೆ ಎಂದು.

ಆಯಿಗೆ ಆ ಕೋಣ ಕೇಳಿಸಿದ್ದು ಕೋಣೆ ಎಂದು. "ಹೂನೋ ಯಪ್ಪಾ, ಕೋಣೆದಾಂವಾ ಅದಾನ" ಎಂದಳು.

ಕಂಡಕ್ಟರ್ ನನ್ನ ಮುಖ ನೋಡಿದ. ನಾಚಿಕೆಯಿಂದ ಸಾಯುವ ವಯಸ್ಸು ನನ್ನದು. ಹುಚ್ಚಿ ಎಂದು ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ, "ಕಾಕಾ ಆಹೇತ. ಯೇತಾಯತ." ಕಾಕಾ ಇದ್ದಾರೆ, ಬರುತ್ತಿದ್ದಾರೆ. ಅವನು ಆಯಿಯ ತೊಡೆಯ ಮೇಲಿನ ತೆರೆದ ಪುಸ್ತಕವನ್ನು ನೋಡಿದ, ವಿಭೂತಿ ನೋಡಿದ, ಮುಂದೆ ಹೋದ. ವೈಜಾಪುರದ ತನಕ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಹೊಸ ಊರಿನ ಅಂಗಡಿಗಳ ಮೇಲೆ ಉರ್ದು ಬೋರ್ಡು. ಅಪ್ಪ ಮೊದಲ ಸಲ ದಾರಿಯಲ್ಲಿ ನಿಂತು ನಮಗೆಲ್ಲ ಓದಿ ಹೇಳಿದ, ಕನ್ನಡಕದ ಅಂಗಡಿ, ಹಿಮರೂ ಶಾಲಿನ ಅಂಗಡಿ. ನನಗೂ ಆ ಅಕ್ಷರ ಕಲಿಸಿದ. ಮನೆಗೆ ಹಿಂದೆ ಒಂದು ಸಣ್ಣ ಕೋಣೆ ಬೇಕೆಂದು ಹಟ ಹಿಡಿದು ಹುಡುಕಿದವನೂ ಅವನೇ. ಅಲ್ಲಿ ಮೇಲೆ ವಿಮಾನ ಹಾರುತ್ತಿರಲಿಲ್ಲ. ಆದರೂ ಓದುವಾಗ ನಡುನಡುವೆ ಆಯಿಯ ಕೈ ಏಳುತ್ತಿತ್ತು, ನಾನು ಸಾಲಿನ ಮೇಲೆ ಬೆರಳಿಡುತ್ತಿದ್ದೆ. ಏನೂ ಹಾದುಹೋಗದ ಆ ನಿಶ್ಶಬ್ದ ನಾಸಿಕದ ವಿಮಾನಗಳಿಗಿಂತ ಜೋರಾಗಿತ್ತು. ನಾನು ಮೆಟ್ರಿಕ್ ಮುಗಿಸಿದ ವರ್ಷ ಆಯಿ ಒಂದು ಸಂಜೆ ಓದು ಕೇಳಿ, ಉಂಡು, ತಾಟಿನಲ್ಲೇ ಕೈ ತೊಳೆದು, ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ.

ಆಯಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪ ಪೀಠದ ಮುಂದೆ ಬಂದು ಕೂತ. ತೆರೆದ ಪುಸ್ತಕದ ಮೇಲೆ ಧೂಳು ಬಿದ್ದಿತ್ತು, ಹೆಗಲ ಸೆಲ್ಲೆಯಿಂದ ಒರೆಸಿದ.

"ನೀಲಾ, ಈಗ ಮಂಗಲ ಮಾಡಿಬಿಡು. ಎಷ್ಟು ದಿನ ಹಿಂಗೇ ಇಡೂದು? ಇಬ್ರಿಗೂ ಬಿಡುಗಡಿ ಆಗ್ಲಿ."

ನಾನು ಕೈತೊಳೆದು ಬಂದೆ, ವಿಭೂತಿ ಹಚ್ಚಿಕೊಂಡೆ. ಎಂದೂ ತಿರುವದ ಹಾಳೆ ತಿರುವಿದೆ, ಒಂದಕ್ಕೊಂದು ಅಂಟಿಕೊಂಡಿತ್ತು, ಬಿಡಿಸುವಾಗ ಚರ್‍ರೆಂದಿತು. ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, ಯಾವ ಅನುಮಾನಕ್ಕೂ ಎಡೆಯಿಲ್ಲದ ಗಿಡ್ಡ ಸ್ವರದಲ್ಲಿ, ಕೊನೆಯ ಅಧ್ಯಾಯ ಎಂದಿತ್ತು. ಈಗ ನನಗೆ ಅಕ್ಷರ ಬರುತ್ತಿತ್ತು. ಎದುರಿಗೆ ಕೂತ ಅಪ್ಪನಿಗೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಗಂಟಲು ಸರಿಮಾಡಿಕೊಂಡೆ. ಅದೇ ಹೊತ್ತಿಗೆ ಒಳಗೂ ಆ ಸದ್ದಾಯಿತು, ಅಥವಾ ನನ್ನದೇ ಗೋಡೆಗೆ ತಾಗಿ ಮರಳಿತು.

"ಕೋಣೆಯ ಅಧ್ಯಾಯ" ಎಂದು ಓದಿದೆ.

ಅಪ್ಪ ನನ್ನನ್ನೇ ನೋಡಿದ, ಆಮೇಲೆ ಹಿಂದಿನ ಕೋಣೆಯ ಬಾಗಿಲನ್ನು. ಸೆಲ್ಲೆಯನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಪೀಠದ ಒಂದು ತುದಿ ತಾನು ಹಿಡಿದು ಇನ್ನೊಂದು ತುದಿ ನನಗೆ ತೋರಿಸಿದ.

"ಹಿಡಿ. ತೆರದೇ ಇರ್ಲಿ, ಸಾವಕಾಶ. ನಮ್ಮವ್ವಗ ಅಕ್ಷರ ಬರಲ್ದು, ಅಂವಾ ಓದಿ ಹೇಳ್ತಾನ."